ಮರೆಯಬಲ್ಲ ಪುಸ್ತಕಾಲಯ

ಕನ್ನಡದಲ್ಲಿ ‘ವಿಚಾರಿಸಿಕೊಳ್ಳುವುದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮನೆಗೆ ಬಂದ ನೆಂಟರನ್ನು ಚೆನ್ನಾಗಿ ವಿಚಾರಿಸಿಕೊಂಡರು ಎಂದರೆ ಕಾಲಿಗೆ ನೀರು, ಕೈಗೆ ಕಾಫಿ, ಎಲೆಯ ತುಂಬ ಊಟ ದೊರೆಯಿತೆಂದು ತಿಳಿಯಬೇಕು. ಗಲಾಟೆ ಮಾಡಿದ ಹುಡುಗನನ್ನು ಮೇಷ್ಟರು ಚೆನ್ನಾಗಿ ವಿಚಾರಿಸಿಕೊಂಡರು ಎಂದರೆ ಅವನ ಅಂಗೈ ಕೆಂಪಾಯಿತೆಂದು ತಿಳಿಯಬೇಕು. ಒಂದೇ ಮಾತು ಉಪಚಾರಕ್ಕೂ ದಂಡನೆಗೂ ಸಲ್ಲುವುದನ್ನು ಕಂಡು ನಾವು ನಗುವುದುಂಟು. ಆದರೆ ಕಳೆದ ವರ್ಷ ಒಂದು ಶಾಲೆಯ ಪುಸ್ತಕಾಲಯದಲ್ಲಿ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ, ಎಂಟು ವಾರಗಳ ತರಬೇತಿಯನ್ನು ಮುಗಿಸಿ ಬಂದ ಮೇಲೆ ಈ ಎರಡರ್ಥದ ಮಾತು ನನ್ನನ್ನು ಬಿಡದೆ ಹಿಡಿದಿದೆ. ಒಬ್ಬರ ಮೇಲೆ ಕಣ್ಣಿಡುವುದು ಎಲ್ಲಿಯವರೆಗೆ ಉಪಚಾರ, ಎಲ್ಲಿಂದ ಮುಂದೆ ಪಹರೆ? ಅದರಲ್ಲಿಯೂ, ಒಂದು ಮಗು ಏನನ್ನು ಓದುತ್ತದೆ ಎಂಬುದರ ಮೇಲೆ ಕಣ್ಣಿಡುವ ಹಕ್ಕು ಯಾರಿಗೆ ಎಷ್ಟಿದೆ?

ಪ್ರಶ್ನೆಗೆ ಹೋಗುವ ಮುನ್ನ ನನ್ನ ಪರಿಚಯ ಎರಡು ಮಾತಿನಲ್ಲಿ. ನಾನು ಹದಿನೆಂಟು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆ ಕೆಲಸ ಬಿಟ್ಟು, ನಡುವಯಸ್ಸಿನಲ್ಲಿ ಗ್ರಂಥಾಲಯ ವಿಜ್ಞಾನದ ಪದವಿಗೆ ಸೇರಿದೆ. ಪರೀಕ್ಷೆ ಬರೆದರೆ ಮಾತ್ರ ಸಾಲದು. ಯಾವುದಾದರೊಂದು ಗ್ರಂಥಾಲಯದಲ್ಲಿ ಅಲ್ಲಿನ ಗ್ರಂಥಪಾಲಕರ ಕಣ್ಣಳತೆಯಲ್ಲಿ ಕೆಲಸ ಮಾಡಿ, ಅವರಿಂದ ರುಜು ಪಡೆದು ಬರಬೇಕು. ಜೊತೆಯವರು ಕಾಲೇಜುಗಳನ್ನೂ ದೊಡ್ಡ ಕಂಪನಿಗಳನ್ನೂ ಹುಡುಕಿಕೊಂಡು ಹೋದರು. ನಾನು ಬೆಂಗಳೂರಿನ ಒಂದು ಪ್ರೌಢಶಾಲೆಯನ್ನು ಆರಿಸಿಕೊಂಡೆ. ಅದರ ಬಾಗಿಲ ಮೇಲೆ ‘ಲೈಬ್ರರಿ ಮೀಡಿಯಾ ಸೆಂಟರ್’ ಎಂಬ ಹಲಗೆ ಇದೆ. ಈ ಹೆಸರು ಅಮೆರಿಕದ್ದು. ೧೯೬೯ರಲ್ಲಿ ಅಲ್ಲಿನ ಶಾಲಾ ಗ್ರಂಥಪಾಲಕರ ಸಂಘದವರೂ ದೃಶ್ಯ-ಶ್ರವ್ಯ ಶಿಕ್ಷಣದವರೂ ಸೇರಿ ಹೊರಡಿಸಿದ ನಿಯಮಾವಳಿಯಲ್ಲಿ, ಪುಸ್ತಕ, ಫಿಲ್ಮು, ಧ್ವನಿಮುದ್ರಿಕೆ ಎಲ್ಲವೂ ಒಂದೇ ಸೂರಿನಡಿ ಇರಬೇಕೆಂದು ‘ಮೀಡಿಯಾ ಸೆಂಟರ್’ ಎಂಬ ಮಾತನ್ನು ಬಳಕೆಗೆ ತಂದರು. ೨೦೧೦ರಲ್ಲಿ ಅದೇ ಗ್ರಂಥಪಾಲಕರ ಸಂಘ, ಅಂಥ ಕಡೆ ಕೆಲಸ ಮಾಡುವವರನ್ನು ಸುಮ್ಮನೆ ‘ಶಾಲಾ ಗ್ರಂಥಪಾಲಕ’ ಎಂದೇ ಕರೆಯೋಣವೆಂದು ತೀರ್ಮಾನಿಸಿತು. ಅವರು ಮಡಿಸಿಟ್ಟ ಅಂಗಿಯನ್ನು ನಾವು ತೊಟ್ಟುಕೊಂಡಿದ್ದೇವೆ. ಮಕ್ಕಳಿಗೆ ಈ ಇತಿಹಾಸ ಬೇಕಿಲ್ಲ. ಅವರ ಬಾಯಲ್ಲಿ ಅದು ಬರಿಯ ಲೈಬ್ರರಿ.

ನನ್ನ ಮೇಲ್ವಿಚಾರಣೆಗೆ ಇದ್ದ ಗ್ರಂಥಪಾಲಕಿ ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ದಿನ ಅವರು ‘ಬನ್ನಿ ಸಾರ್’ ಎಂದರು, ನಾನು ‘ಹೇಳಿ ಮೇಡಂ’ ಎಂದೆ. ಕೊನೆಯವರೆಗೂ ಹಾಗೆಯೇ ನಡೆಯಿತು. ಮೊದಲ ವಾರ ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತು ಪುಸ್ತಕಗಳಿಗೆ ಸಂಖ್ಯೆ ಕೊಡುವುದನ್ನು ಕಲಿಸಿದರು. ಡ್ಯೂಯಿ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ೮೨೦ ಎಂದು ಮೂರೇ ಅಂಕಿ, ಕನ್ನಡ ಸಾಹಿತ್ಯಕ್ಕೆ ೮೯೪.೮೧೪ ಎಂದು ಆರು ಅಂಕಿ ಯಾಕೆಂದು ಕೇಳಿದರೆ, ‘ಬಡಿಸಿದವರು ಅವರಲ್ಲವೇ ಸಾರ್, ನಾವು ಪಂಕ್ತಿಯ ಕೊನೆಯಲ್ಲಿ ಕೂತಿದ್ದೇವೆ’ ಎಂದು ನಕ್ಕರು. ಎರಡನೆಯ ವಾರ ಎದುರಿನ ಮೇಜಿಗೆ ಸರಿದರು. ನಾಲ್ಕನೆಯ ವಾರ ಒಳಕೋಣೆಗೆ ಹೋದರು. ಆರನೆಯ ವಾರದ ಹೊತ್ತಿಗೆ ದಿನಕ್ಕೆ ಎರಡು ಗಂಟೆ ನಾನೊಬ್ಬನೇ ಮೇಜಿನಲ್ಲಿರುತ್ತಿದ್ದೆ. ಈಜು ಕಲಿಸುವವನು ಹೊಟ್ಟೆಯ ಕೆಳಗೆ ಹಿಡಿದ ಕೈಯನ್ನು ನಮಗೆ ತಿಳಿಯದಂತೆ ಮೆಲ್ಲನೆ ತೆಗೆಯುತ್ತಾನಲ್ಲ, ಹಾಗೆ ಹಿಂದೆ ಸರಿಯುತ್ತ ಹೋಗುವುದೇ ಅವರ ಮೇಲ್ವಿಚಾರಣೆಯ ಕ್ರಮವಾಗಿತ್ತು.

ಮಕ್ಕಳ ವಿಷಯದಲ್ಲಿಯೂ ಅವರದು ಅದೇ ಕ್ರಮ. ನಾನು ಓದಿದ ಶಾಲೆಯಲ್ಲಿ ಪುಸ್ತಕಾಲಯವೆಂದರೆ ಹೆಡ್‌ಮಾಸ್ತರರ ಕೋಣೆಯ ಗಾಜಿನ ಬೀರು. ಬೀಗದಕೈ ಗುಮಾಸ್ತರ ಸೊಂಟದಲ್ಲಿ. ಇನ್‌ಸ್ಪೆಕ್ಟರು ಬರುವ ದಿನ ಧೂಳು ಹೊಡೆಯುವುದಕ್ಕಾಗಿ ಅದನ್ನು ತೆರೆಯುತ್ತಿದ್ದರು. ಈ ಶಾಲೆಯಲ್ಲಿ ಬೀರುಗಳಿಗೆ ಬಾಗಿಲೇ ಇಲ್ಲ. ಮಗು ತಾನೇ ಹೋಗಿ, ತಾನೇ ಹುಡುಕಿ, ತೆಗೆದು, ನಾಲ್ಕು ಪುಟ ತಿರುವಿ, ಬೇಡವಾದರೆ ಅಲ್ಲೇ ಬಿಟ್ಟು ಬರಬಹುದು. ಈ ತೆರೆದ ಕಪಾಟಿನ ಹಿಂದೆ ಒಬ್ಬ ದೊಡ್ಡ ಮನುಷ್ಯರ ಹಟವಿದೆ. ಮದರಾಸಿನಲ್ಲಿ ಗಣಿತದ ಉಪಾಧ್ಯಾಯರಾಗಿದ್ದು ೧೯೨೪ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ತಮ್ಮ ಕೊನೆಯ ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು; ೧೯೬೨ರಲ್ಲಿ ಇಲ್ಲಿ ಒಂದು ತರಬೇತಿ ಕೇಂದ್ರವನ್ನು ಕಟ್ಟಿದರು; ೧೯೭೨ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಕೆಗೆ ಎಂದು. ಇಷ್ಟು ಸರಳವಾದದ್ದನ್ನು ಸೂತ್ರವೆಂದು ಸಾರಬೇಕಿತ್ತೆ ಎಂದು ಕೇಳಬಹುದು. ಒಂದು ಕಾಲಕ್ಕೆ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಇಗರ್ಜಿಯಲ್ಲಿ ಅಂಥ ಸರಪಳಿಯ ಪುಸ್ತಕಾಲಯವನ್ನು ಇಂದಿಗೂ ನೋಡಬಹುದು. ಗುಮಾಸ್ತರ ಸೊಂಟದ ಬೀಗದಕೈ ಆ ಸರಪಳಿಯ ಕೊನೆಯ ಕೊಂಡಿ.

ಎರಡನೆಯ ಸೂತ್ರ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂಬುದು. ಇಲ್ಲಿ ‘ಅವನ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಮೇಷ್ಟರು ಮೆಚ್ಚಿದ ಪುಸ್ತಕವಲ್ಲ, ತಂದೆತಾಯಿ ಬಯಸಿದ ಪುಸ್ತಕವಲ್ಲ, ಅವನ ಪುಸ್ತಕ. ಅದನ್ನು ಅವನು ಕಂಡುಕೊಳ್ಳಬೇಕಾದರೆ ಹತ್ತು ಪುಸ್ತಕಗಳನ್ನು ಸುಮ್ಮನೆ ಮುಟ್ಟಿ ನೋಡುವ ಸ್ವಾತಂತ್ರ್ಯ ಬೇಕು. ಯಾರೋ ನೋಡಿ ಬರೆದುಕೊಳ್ಳುತ್ತಿದ್ದಾರೆ ಎಂಬ ಅರಿವು ಬಂದ ಕೂಡಲೆ ಆ ಸ್ವಾತಂತ್ರ್ಯ ಮುದುಡಿಕೊಳ್ಳುತ್ತದೆ.

ಹಾಗಾದರೆ ಪುಸ್ತಕಾಲಯದಲ್ಲಿ ಬರೆದುಕೊಳ್ಳುವುದೇ ಇಲ್ಲವೆ? ಬರೆದುಕೊಳ್ಳಲೇಬೇಕು. ಹೋದ ಪುಸ್ತಕ ಹಿಂದಿರುಗಿ ಬರಬೇಕಲ್ಲ. ಆದರೆ ಬರೆಯುವುದರಲ್ಲಿಯೂ ಬಗೆಗಳುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನೀನಾ ಬ್ರೌನ್ ಎಂಬ ಗ್ರಂಥಪಾಲಕಿ ರೂಪಿಸಿದ ಒಂದು ಕ್ರಮ ನಮ್ಮ ದೇಶದಲ್ಲಿ ಬಹಳ ಕಾಲ ನಡೆಯಿತು. ಕೆಲವೆಡೆ ಇಂದಿಗೂ ಇದೆ. ಪ್ರತಿ ಪುಸ್ತಕಕ್ಕೂ ಒಂದು ಚೀಟಿ. ಪ್ರತಿ ಓದುಗನಿಗೂ ಕಿಸೆಯಂತಿರುವ ಒಂದು ಟಿಕೆಟ್. ಪುಸ್ತಕ ಕೊಡುವಾಗ ಅದರ ಚೀಟಿಯನ್ನು ಓದುಗನ ಟಿಕೆಟ್ಟಿನ ಕಿಸೆಯೊಳಗೆ ಸೇರಿಸಿ, ತಾರೀಖಿನ ಪ್ರಕಾರ ತಟ್ಟೆಯಲ್ಲಿ ಜೋಡಿಸಿಡುತ್ತಾರೆ. ಪುಸ್ತಕ ಮರಳಿ ಬಂದಾಗ ಚೀಟಿ ಪುಸ್ತಕಕ್ಕೆ, ಟಿಕೆಟ್ ಓದುಗನಿಗೆ. ಎರಡೂ ಬೇರೆಯಾದವು; ಈ ಮನುಷ್ಯ ಈ ಪುಸ್ತಕವನ್ನು ಓದಿದ ಎಂಬುದಕ್ಕೆ ಲೋಕದಲ್ಲಿ ಯಾವ ಸಾಕ್ಷಿಯೂ ಉಳಿಯಲಿಲ್ಲ. ಗ್ರಂಥಾಲಯಕ್ಕೆ ಬೇಕಾದಷ್ಟು ದಿನ ನೆನಪು, ಬೇಡವಾದ ಮೇಲೆ ಮರೆವು. ಇದಕ್ಕೆ ಪ್ರತಿಯಾಗಿ ನ್ಯೂಆರ್ಕ್ ಎಂಬ ಊರಿನ ಹೆಸರಿನಿಂದ ನಡೆಯುವ ಇನ್ನೊಂದು ಕ್ರಮವುಂಟು; ಅದರಲ್ಲಿ ಪುಸ್ತಕದ ಚೀಟಿಯ ಮೇಲೆಯೇ ಓದುಗರ ಗುರುತನ್ನು ಒಂದರ ಕೆಳಗೊಂದು ಬರೆಯುತ್ತ ಹೋಗುತ್ತಾರೆ. ಅದು ಮರೆಯುವುದಿಲ್ಲ.

ಈಗ ನಮ್ಮ ಮೇಜಿನ ಮೇಲೆ ಇರುವುದು ಕಂಪ್ಯೂಟರು. ಶಾಲೆಯಲ್ಲಿ ಬಳಸುತ್ತಿದ್ದುದು ಕೋಹಾ ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಒಂದು ಪುಸ್ತಕಾಲಯಕ್ಕಾಗಿ ಹುಟ್ಟಿ ೨೦೦೦ದಲ್ಲಿ ಬಳಕೆಗೆ ಬಂದದ್ದು. ಯಾರು ಬೇಕಾದರೂ ಹಣ ಕೊಡದೆ ಉಪಯೋಗಿಸಬಹುದು. ಕೋಹಾ ಎಂದರೆ ಮಾವೊರಿ ಭಾಷೆಯಲ್ಲಿ ಕಾಣಿಕೆ ಎಂದರ್ಥವಂತೆ. ಒಳ್ಳೆಯ ಕಾಣಿಕೆಯೇ. ಆದರೆ ತಾನಾಗಿ ಬಿಟ್ಟರೆ ಅದು ಏನನ್ನೂ ಮರೆಯುವುದಿಲ್ಲ. ಮಗುವಿನ ಹೆಸರು ಒತ್ತಿದರೆ ಐದನೆಯ ತರಗತಿಯಿಂದ ಈವರೆಗೆ ತೆಗೆದುಕೊಂಡು ಹೋದ ಪುಸ್ತಕಗಳೆಲ್ಲ ತಾರೀಖಿನ ಸಮೇತ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಪುಸ್ತಕದ ಕಾಲಿನ ಸರಪಳಿಯನ್ನು ಬಿಚ್ಚಿ ನಾವು ಓದುಗನ ಕಾಲಿಗೆ ಕಟ್ಟಿದಂತಾಗಲಿಲ್ಲವೆ ಎಂದು ಒಂದು ದಿನ ನನಗನ್ನಿಸಿತು.

ಇದು ಬರಿಯ ತರ್ಕವಲ್ಲ ಎಂಬುದನ್ನು ತೋರಿಸುವುದಕ್ಕೆ ಎರಡು ಸಂಗತಿಗಳನ್ನು ಹೇಳುತ್ತೇನೆ. ಗುಟ್ಟು ಕಾಯುವ ಮಾತನ್ನಾಡುತ್ತ ಗುಟ್ಟನ್ನು ಪತ್ರಿಕೆಯಲ್ಲಿ ಬಯಲು ಮಾಡುವುದು ಸಲ್ಲದಾದ್ದರಿಂದ ತರಗತಿ, ಕಾಯಿಲೆ, ಗುರುತು ಎಲ್ಲವನ್ನೂ ಬದಲಿಸಿದ್ದೇನೆ.

ಏಳನೆಯ ತರಗತಿಯ ಒಬ್ಬ ಹುಡುಗ ಮನುಷ್ಯ ಶರೀರದ ಮೇಲಿನ ಒಂದು ಚಿತ್ರಗಳ ಪುಸ್ತಕವನ್ನು ಒಂದೇ ತಿಂಗಳಲ್ಲಿ ಮೂರು ಸಲ ಒಯ್ದ. ೬೧೨ನೆಯ ಸಂಖ್ಯೆಯ ಕಪಾಟು ಅದು. ಆ ವಯಸ್ಸಿನ ಹುಡುಗರಿಗೆ ಆ ಪುಸ್ತಕದ ಕೆಲವು ಪುಟಗಳ ಮೇಲೆ ಇರುವ ಕುತೂಹಲ ಎಲ್ಲರಿಗೂ ತಿಳಿದದ್ದೇ. ಜೊತೆಯ ಹುಡುಗರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಹುಡುಗ ತಲೆ ತಗ್ಗಿಸಿಕೊಂಡು ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡ. ಮೂರನೆಯ ಸಲ, ಯಾರೂ ಇಲ್ಲದಾಗ ಬಂದು ನನ್ನನ್ನು ಕೇಳಿದ: ‘ಸರ್, ಕಿಡ್ನಿ ಹೋದರೆ ಜಾಸ್ತಿ ನೀರು ಕುಡಿದರೆ ಸರಿಯಾಗುತ್ತಾ?’ ಅವನ ಅಜ್ಜಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಮನೆಯಲ್ಲಿ ಕೇಳಿದರೆ ‘ನಿನಗ್ಯಾಕೆ ಅದೆಲ್ಲ, ಹೋಗಿ ಓದಿಕೋ’ ಎನ್ನುತ್ತಿದ್ದರಂತೆ. ಅವನು ಓದಿಕೊಳ್ಳುವುದಕ್ಕೇ ಬಂದಿದ್ದ. ಕುಡಿಯುವ ನೀರನ್ನು ಎಷ್ಟೋ ರೋಗಿಗಳಿಗೆ ವೈದ್ಯರು ಅಳೆದು ಕೊಡಲು ಹೇಳುತ್ತಾರೆ, ಅದನ್ನು ಅಜ್ಜಿಯ ವೈದ್ಯರೇ ಹೇಳಬೇಕು ಎಂದೆ. ಗ್ರಂಥಪಾಲಕಿ ಅವನ ವಯಸ್ಸಿಗೆ ತಕ್ಕ ಇನ್ನೊಂದು ಪುಸ್ತಕವನ್ನು ಹುಡುಕಿ ಕೊಟ್ಟರು.

ಈಗ ಅವನ ಪಟ್ಟಿಯನ್ನು ಅವನನ್ನು ಕಾಣದ ಒಬ್ಬರ ಕೈಗೆ ಕೊಟ್ಟು ನೋಡಿ. ‘ಮನುಷ್ಯ ಶರೀರ, ಮೂರು ಸಲ.’ ಓದಿದವರು ಹುಬ್ಬೇರಿಸುತ್ತಾರೆ. ಕ್ಲಾಸ್ ಟೀಚರಿಗೆ ಒಂದು ಮಾತು ಹೋಗುತ್ತದೆ. ಹುಡುಗನನ್ನು ಕರೆದು ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ. ಪಟ್ಟಿ ಸುಳ್ಳು ಹೇಳುವುದಿಲ್ಲ. ಅವನು ಒಯ್ದದ್ದು ಆ ಪುಸ್ತಕವನ್ನೇ. ಆದರೆ ಯಾತಕ್ಕೆ ಒಯ್ದ ಎಂಬುದು ಪಟ್ಟಿಗೆ ಗೊತ್ತಿಲ್ಲ. ಓದಿನ ಅರ್ಥವೆಲ್ಲ ಆ ‘ಯಾತಕ್ಕೆ’ ಎಂಬುದರಲ್ಲಿ ಇರುವಾಗ, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನೆನಪಿಡುವ ಪಟ್ಟಿಯಿಂದ ಮಗುವನ್ನು ಅರಿಯಲು ಹೊರಡುವುದು ಮನೆಯ ಕಸದ ಬುಟ್ಟಿಯನ್ನು ನೋಡಿ ಮನೆಯವರ ಗುಣ ಹೇಳಿದಂತೆ.

ಎರಡನೆಯ ಸಂಗತಿ ಏಳನೆಯ ವಾರದ್ದು. ಗ್ರಂಥಪಾಲಕಿ ಸಭೆಗೆ ಹೋಗಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆ ಬಂದರು. ಒಳ್ಳೆಯ ಮನುಷ್ಯರು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ‘ಸಾರ್, ನಮ್ಮ ಹುಡುಗಿ ಎರಡು ತಿಂಗಳಿಂದ ಮಾತೇ ಆಡ್ತಿಲ್ಲ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಓದ್ತಾ ಕೂತಿರ್ತಾಳೆ. ಇಲ್ಲಿಂದ ಏನೇನು ತಗೊಂಡು ಹೋಗಿದ್ದಾಳೆ ಅಂತ ಒಂದು ಲಿಸ್ಟ್ ತೆಗೆದುಕೊಡ್ತೀರಾ?’ ಎಂದರು. ಪಟ್ಟಿ ನನ್ನ ಬೆರಳಿನಿಂದ ಒಂದು ಗುಂಡಿಯ ದೂರದಲ್ಲಿತ್ತು. ಶಾಲೆಯಲ್ಲಿ ಈ ವಿಷಯದಲ್ಲಿ ಬರಹದ ನಿಯಮವೇನೂ ಇರಲಿಲ್ಲ. ‘ಇದನ್ನು ಮೇಡಂ ಅವರನ್ನೇ ಕೇಳಬೇಕು ಸಾರ್, ನಾಳೆ ದಯವಿಟ್ಟು ಬನ್ನಿ’ ಎಂದು ಹೇಳಿ ಕಳುಹಿಸಿದೆ.

ಗ್ರಂಥಪಾಲಕಿಗೆ ವರದಿ ಒಪ್ಪಿಸಿದೆ. ಅವರು ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ. ‘ನಾನು ಇಲ್ಲೇ ಇದ್ದು, ಕೊಟ್ಟುಬಿಡಿ ಸಾರ್ ಎಂದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರು. ಮರುದಿನ ಆ ತಂದೆ ಬಂದಾಗ ಅವರು ಕುರ್ಚಿ ಹಾಕಿ ಕೂರಿಸಿ, ಯಾರ ಪಟ್ಟಿಯನ್ನೂ ಯಾರಿಗೂ ಕೊಡುವುದಿಲ್ಲವೆಂದು ಹೇಳಿದರು. ‘ಪುಸ್ತಕ ನಿಮ್ಮ ಮನೆಯಲ್ಲೇ ಇದೆ, ಮಗಳೂ ನಿಮ್ಮ ಮನೆಯಲ್ಲೇ ಇದ್ದಾಳೆ. ನನ್ನನ್ನು ಕೇಳಿದರೆ ಹೆಸರು ಸಿಗುತ್ತೆ. ಅವಳನ್ನು ಕೇಳಿದರೆ ಕಥೆ ಸಿಗಬಹುದು’ ಎಂದರು. ಬೇಕಾದರೆ ಶಾಲೆಯ ಆಪ್ತ ಸಲಹೆಗಾರರನ್ನು ಕಾಣಿಸುತ್ತೇನೆ ಎಂದೂ ಸೇರಿಸಿದರು. ಆತ ಸಮಾಧಾನದಿಂದ ಹೋದರೆಂದು ನಾನು ಹೇಳಲಾರೆ. ‘ನಮ್ಮ ಮಗುವಿನ ವಿಷಯ ನಮಗೇ ಹೇಳೋಲ್ಲ ಅಂದರೆ ಹೇಗೆ?’ ಎಂದು ಕೇಳಿ ಎದ್ದರು.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ತಂದೆತಾಯಿಯೇ ದಿಕ್ಕು. ಬ್ಯಾಂಕಿನಲ್ಲಿ ನಾವು ಗಿರಾಕಿಯ ಲೆಕ್ಕವನ್ನು ಅವನ ಅಣ್ಣತಮ್ಮಂದಿರಿಗೂ ಹೇಳುತ್ತಿರಲಿಲ್ಲ. ಆದರೆ ಅಪ್ರಾಪ್ತ ವಯಸ್ಸಿನ ಮಗುವಿನ ಖಾತೆಯನ್ನು ಪೋಷಕರಿಗೆ ಕಾಣಿಸುತ್ತಿದ್ದೆವು. ಹಣಕ್ಕೆ ಇರುವ ನ್ಯಾಯ ಓದಿಗೇಕಿಲ್ಲ? ನಾನು ಬಹಳ ಯೋಚಿಸಿ ಕಂಡ ಉತ್ತರ ಇಷ್ಟು. ಮಗುವಿನ ಹಣವನ್ನು ತಂದೆ ಅವನ ಪರವಾಗಿ ವ್ಯವಹರಿಸಬಲ್ಲ. ಮಗುವಿನ ಪರವಾಗಿ ತಂದೆ ಓದಲಾರ. ಓದು ಮಗು ತಾನೇ ಮಾಡಬೇಕಾದ ಕೆಲಸ. ತನ್ನೊಳಗೆ ತಾನು ಮಾತಾಡಿಕೊಳ್ಳುವುದನ್ನು ಕಲಿಯುವ ಕೆಲಸ. ಆ ಮಾತನ್ನು ಮರೆಯಲ್ಲಿ ನಿಂತು ಕೇಳುವವರಿದ್ದಾರೆಂದು ತಿಳಿದರೆ ಅದು ನಿಂತುಹೋಗುತ್ತದೆ. ಅಮೆರಿಕದ ಗ್ರಂಥಾಲಯ ಸಂಘ ೧೯೩೯ರಷ್ಟು ಹಿಂದೆಯೇ, ಓದುಗರ ಸಂಪರ್ಕದಿಂದ ತಿಳಿದ ಖಾಸಗಿ ಸಂಗತಿಗಳನ್ನು ಗುಟ್ಟಾಗಿ ಇಡುವುದು ಗ್ರಂಥಪಾಲಕನ ಹೊಣೆಯೆಂದು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ಓದಿನ ಗುಟ್ಟಿನಲ್ಲಿ ಹಣದ ಗುಟ್ಟಿಗಿಂತ ಕೋಮಲವಾದದ್ದೇನೋ ಇದೆಯೆಂದು ಅವರಿಗೂ ತೋರಿರಬೇಕು.

ಹಾಗೆಂದು ತಂದೆಗೆ ಹಕ್ಕಿಲ್ಲವೆಂದಲ್ಲ. ಅವರಿಗೆ ಮಗಳನ್ನು ಕೇಳುವ ಹಕ್ಕಿದೆ. ಆಕೆಯ ಮೇಜಿನ ಮೇಲಿನ ಪುಸ್ತಕವನ್ನು ಎತ್ತಿ ತಾವೂ ಓದುವ ಹಕ್ಕಿದೆ. ಇಂಥದು ಬೇಡ ಎನ್ನುವ ಹಕ್ಕೂ ಇದೆ. ಇವೆಲ್ಲ ಮುಖಾಮುಖಿ ನಡೆಯುವಂಥವು. ಮಗಳು ಉತ್ತರ ಕೊಡಬಹುದು, ಸಿಟ್ಟಾಗಬಹುದು, ಅತ್ತುಬಿಡಬಹುದು. ಆಕೆಯ ಬೆನ್ನ ಹಿಂದೆ ಪಟ್ಟಿ ತರಿಸಿಕೊಂಡರೆ ಆಕೆ ಅದೊಂದನ್ನೂ ಮಾಡಲಾರಳು.

ಇನ್ನು ಗ್ರಂಥಪಾಲಕಿ ನನ್ನನ್ನು ಕೇಳಿದ ಪ್ರಶ್ನೆ. ತರಬೇತಿಗೆ ಬಂದವನು ಮೇಲಿನವರ ಮಾತನ್ನು ಕೇಳಬೇಕಾದವನು. ಅವರು ಕೊಡಿ ಎಂದಿದ್ದರೆ, ‘ನೀವೇ ನಿಮ್ಮ ಕೈಯಿಂದ ತೆಗೆದುಕೊಡಿ ಮೇಡಂ’ ಎನ್ನುತ್ತಿದ್ದೆ ಎಂದು ಎರಡು ದಿನ ಕಳೆದ ಮೇಲೆ ಹೇಳಿದೆ. ಅವರು, ‘ಆಗ ನಿಮ್ಮ ಕೈ ಶುದ್ಧವಾಗಿ ಉಳಿಯುತ್ತಿತ್ತು. ಹುಡುಗಿಗೆ ಏನು ಲಾಭ?’ ಎಂದರು. ಈ ಮಾತು ನನಗೆ ಪಾಠಪಟ್ಟಿಯಲ್ಲಿ ಸಿಗದ ಪಾಠವಾಯಿತು. ಒಬ್ಬೊಬ್ಬರ ಒಳ್ಳೆಯತನ ದೊಡ್ಡದೇ. ಆದರೆ ಒಳ್ಳೆಯವರಿಗೆ ವರ್ಗವಾಗುತ್ತದೆ, ರಜೆ ಇರುತ್ತದೆ, ನಿವೃತ್ತಿ ಬರುತ್ತದೆ. ಮೇಜಿನ ಹಿಂದೆ ನಾಳೆ ಕೂರುವವರು ಯಾರೋ. ಪಟ್ಟಿ ಮಾತ್ರ ಅಲ್ಲೇ ಇರುತ್ತದೆ. ಮಗುವಿನ ಮಾನವನ್ನು ಗ್ರಂಥಪಾಲಕರ ಮನಸ್ಸಾಕ್ಷಿಯೊಂದರ ಮೇಲೆಯೇ ನಿಲ್ಲಿಸುವುದಕ್ಕಿಂತ, ಕಾಯಬೇಕಾದ ಪಟ್ಟಿಯೇ ಇಲ್ಲದಂತೆ ಮಾಡುವುದು ಮೇಲು. ಪುಸ್ತಕ ಹಿಂದೆ ಬಂದ ಮೇಲೆ ಹೆಸರನ್ನು ಅಳಿಸಿ ಲೆಕ್ಕವನ್ನಷ್ಟೇ ಉಳಿಸುವ ಅನುಕೂಲ ಆ ತಂತ್ರಾಂಶದಲ್ಲಿಯೇ ಉಂಟು. ಯಾವ ಪುಸ್ತಕ ಎಷ್ಟು ಸಲ ಹೋಯಿತೆಂಬುದು ಮುಂದಿನ ವರ್ಷದ ಖರೀದಿಗೆ ಬೇಕು. ಯಾರು ಒಯ್ದರೆಂಬುದು ಬೇಕಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಮಗು ನಿಜವಾಗಿ ಸಂಕಟದಲ್ಲಿದ್ದು, ಅದರ ಸುಳಿವು ಓದಿನಲ್ಲಿಯೇ ಇದ್ದರೆ? ಎಲ್ಲವನ್ನೂ ಅಳಿಸಿದರೆ ಆ ಸುಳಿವೂ ಅಳಿಯುವುದಿಲ್ಲವೆ? ಹುಡುಗನ ಅಜ್ಜಿಯ ಸಂಗತಿ ನನಗೆ ತಿಳಿದದ್ದು ಪಟ್ಟಿಯಿಂದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನಾನು ಅಲ್ಲಿ ಕುಳಿತಿದ್ದೆ, ಅವನು ಬಂದು ಕೇಳಿದ. ಅವನ ಮುಖ ಬಾಡಿದ್ದನ್ನು ಕಂಡವರು ಗ್ರಂಥಪಾಲಕಿ. ಮಗುವಿನ ಸಂಕಟವನ್ನು ಕಾಣಬೇಕಾದವನು ಮನುಷ್ಯ. ಕಂಡರೆ ಹತ್ತಿರ ಹೋಗಿ ಮಾತಾಡಿಸಬೇಕಾದವನೂ, ಜೀವಕ್ಕೇ ಅಪಾಯವೆಂದು ತೋರಿದರೆ ತಡಮಾಡದೆ ದೊಡ್ಡವರಿಗೆ ತಿಳಿಸಬೇಕಾದವನೂ ಅವನೇ. ಆ ಹೊಣೆಯನ್ನು ಪಟ್ಟಿಗೆ ವಹಿಸಿ ನಾವು ಒಳಕೋಣೆಯಲ್ಲಿ ಕುಳಿತರೆ ಪಟ್ಟಿಯೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ. ದಫ್ತರ ಮರೆಯಬೇಕು, ಮನುಷ್ಯ ನೆನಪಿಡಬೇಕು. ನಾವು ಇಂದು ಹಲವು ಕಡೆ ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಯಂತ್ರಕ್ಕೆ ಎಲ್ಲವೂ ನೆನಪಿದೆ, ಎದುರಿಗೆ ನಿಂತ ಮಗುವಿನ ಹೆಸರು ನಮಗೆ ನೆನಪಿಲ್ಲ.

ತರಬೇತಿ ಮುಗಿದ ದಿನ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಾದ ನಮೂನೆಯನ್ನು ಗ್ರಂಥಪಾಲಕಿ ತುಂಬಿ ರುಜು ಮಾಡಿ ಲಕೋಟೆಗೆ ಹಾಕಿದರು. ಆಮೇಲೆ ಒಂದು ಸಣ್ಣ ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. ಎಂಟು ವಾರ ನನ್ನ ಕೆಲಸವನ್ನು ನೋಡಿ ದಿನದಿನವೂ ಬರೆದುಕೊಂಡದ್ದು ಅದರಲ್ಲಿತ್ತು. ‘ನಿಮ್ಮ ಬಗ್ಗೆ ಬರೆದದ್ದು, ನಿಮ್ಮ ಹತ್ತಿರ ಇರಲಿ ಸಾರ್. ನನಗೆ ಇನ್ನು ಇದರ ಕೆಲಸವಿಲ್ಲ’ ಎಂದರು. ಕಣ್ಣಿಟ್ಟು ನೋಡಿದವರು, ನೋಡಿದ್ದನ್ನು ನೋಡಿಸಿಕೊಂಡವನಿಗೇ ಒಪ್ಪಿಸಿ ಕೈಬಿಡುವುದು ಎಷ್ಟು ಅಪರೂಪವೆಂಬುದು ಹದಿನೆಂಟು ವರ್ಷ ಕಚೇರಿಯ ಗುಪ್ತ ವರದಿಗಳ ನೆರಳಿನಲ್ಲಿ ಕಳೆದ ನನಗೆ ಗೊತ್ತು.

ಪುಸ್ತಕ ಹಿಂದಿರುಗಿದ ಮೂವತ್ತು ದಿನಗಳ ಮೇಲೆ ಹೆಸರುಗಳನ್ನು ಅಳಿಸಬೇಕೆಂಬ ಸಲಹೆಯನ್ನು ಅವರು ಶಾಲೆಯ ಆಡಳಿತದ ಮುಂದಿಟ್ಟಿದ್ದಾರೆ. ನಾನು ಅಲ್ಲಿಂದ ಬರುವವರೆಗೆ ಉತ್ತರ ಬಂದಿರಲಿಲ್ಲ. ‘ಇರುವ ಮಾಹಿತಿಯನ್ನು ಯಾಕೆ ಕಳೆದುಕೊಳ್ಳಬೇಕು?’ ಎಂಬುದು ಅಲ್ಲಿ ಎದ್ದ ಪ್ರಶ್ನೆಯಂತೆ. ವಾಚಕರಲ್ಲಿ ಅನೇಕರು ಮಕ್ಕಳನ್ನು ಶಾಲೆಗೆ ಕಳಿಸುವವರು. ಈ ಪ್ರಶ್ನೆ ನಿಮ್ಮ ಮುಂದೆಯೂ ಒಂದು ದಿನ ಬರಬಹುದು. ಆಗ ನೀವು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ಹೊದಿಕೆಯೊಳಗೋ ಅಟ್ಟದ ಮೇಲೋ ಓದಿ ಮುಗಿಸಿದ ಒಂದು ಪುಸ್ತಕವನ್ನು ನೆನೆಸಿಕೊಳ್ಳಿ. ಅದರ ಹೆಸರು ಇಂದು ಯಾವ ದಫ್ತರದಲ್ಲಿಯೂ ಇಲ್ಲ. ನಿಮ್ಮಲ್ಲಿ ಮಾತ್ರ ಇದೆ. ನಮ್ಮ ಮಕ್ಕಳಿಗೂ ಅಂಥದೊಂದು ಇರಲಿ ಎಂದು ಕೇಳುವುದು ಹೆಚ್ಚೇನೂ ಅಲ್ಲ.